ಕಣ್ಣು ಕಿವಿಗೆ ರಜೆ ಕೊಟ್ಟರೆ ಕಲಾವಿದರ ತಲೆಯಲ್ಲಿ ಏನಾಗುತ್ತದೆ?

ಬೀದರಿನ ಝರಣಿ ನರಸಿಂಹ ಗುಡಿಗೆ ಹೋದವರಿಗೆ ಆ ಸುರಂಗ ಗೊತ್ತು. ಗುಡ್ಡದೊಳಗೆ ಸುಮಾರು 300 ಮೀಟರ್ ಉದ್ದದ ಹಾದಿ, ಎದೆಮಟ್ಟದ ನೀರು, ತಲೆ ಮೇಲೆ ಬಾವಲಿಗಳು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ದೇವರ ಹೆಸರು ಕೂಗುತ್ತಾ ಜನ ನೀರಲ್ಲೇ ನಡೆದು ಹೋಗುತ್ತಾರೆ. ಈಗ ಒಳಗೆ ಲೈಟಿದೆ, ಗಾಳಿಯ ವ್ಯವಸ್ಥೆಯೂ ಇದೆ. ಒಂದು ಸಲ ಸುಮ್ನೆ ಊಹಿಸಿ. ಆ ಲೈಟು ಆರಿದೆ. ಜನರ ಕೂಗಿಲ್ಲ, ಬಾವಲಿಯ ರೆಕ್ಕೆ ಸದ್ದೂ ಇಲ್ಲ. ನೀರು ತಣ್ಣಗೂ ಇಲ್ಲ, ಬಿಸಿಯೂ ಇಲ್ಲ, ನಿಮ್ಮ ಚರ್ಮ ಎಷ್ಟು ಬೆಚ್ಚಗಿದೆಯೋ ಅಷ್ಟೇ ಬೆಚ್ಚಗಿದೆ. ನೀವು ನಡೆಯುತ್ತಿಲ್ಲ, ಮಲಗಿ ತೇಲುತ್ತಿದ್ದೀರಿ. ಸ್ವಲ್ಪ ಹೊತ್ತಿಗೆ ಮೈ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತು ಅನ್ನೋದೇ ತಿಳಿಯದು.

ಇಂಥದ್ದೊಂದು ತೊಟ್ಟಿಯನ್ನು ಅಮೆರಿಕದ ಜಾನ್ ಲಿಲ್ಲಿ ಎಂಬ ವೈದ್ಯ-ವಿಜ್ಞಾನಿ 1954ರಲ್ಲಿ ಕಟ್ಟಿಸಿದರು. ಆಮೇಲೆ ಬಂದ ತೊಟ್ಟಿಗಳಲ್ಲಿ ನೀರಿಗೆ ರಾಶಿಗಟ್ಟಲೆ ಎಪ್ಸಮ್ ಉಪ್ಪು ಹಾಕಿರುತ್ತಾರೆ, ಹಾಗಾಗಿ ಈಜು ಬಾರದವರೂ ತೇಲುತ್ತಾರೆ. ಕಣ್ಣು, ಕಿವಿ, ಚರ್ಮಕ್ಕೆ ಹೊರಗಿನಿಂದ ಬರುವ ಸುದ್ದಿಯನ್ನು ಆದಷ್ಟು ನಿಲ್ಲಿಸುವ ಈ ಕೆಲಸಕ್ಕೆ ಸೆನ್ಸರಿ ಡಿಪ್ರಿವೇಶನ್ ಎನ್ನುತ್ತಾರೆ. "ಕತ್ತಲಲ್ಲಿ ಕೂತರೆ ಕ್ರಿಯೇಟಿವಿಟಿ ಉಕ್ಕುತ್ತೆ" ಅನ್ನೋ ಮಾತು ಇದರ ಬೆನ್ನಿಗೇ ಬಂದಿದೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಹೇಳುವವರು ಅರ್ಧ ಮಾತ್ರ ಹೇಳುತ್ತಾರೆ.

ಬಿಟ್ಟುಹೋದ ಅರ್ಧ ಇರುವುದು ಈ ವಿಷಯದ ಮೊದಲ ದೊಡ್ಡ ಪ್ರಯೋಗದಲ್ಲೇ. 1950ರ ದಶಕದ ಆರಂಭದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಹೆಬ್ ಎಂಬ ಮನೋವಿಜ್ಞಾನಿ ಮತ್ತು ಅವರ ತಂಡ ಕಾಲೇಜು ಹುಡುಗರಿಗೆ ಒಂದು ಕೆಲಸ ಕೊಟ್ಟಿತು. ಕೆಲಸ ಏನೆಂದರೆ, ಏನೂ ಮಾಡದೆ ಮಲಗಿರುವುದು. ದಿನಕ್ಕೆ 20 ಡಾಲರ್ ಕೂಲಿ. ಆ ಕಾಲಕ್ಕೆ ಒಳ್ಳೆಯ ದುಡ್ಡು. ಕಣ್ಣಿಗೆ ಮಂಜುಗಾಜಿನಂಥ ಕನ್ನಡಕ: ಬೆಳಕು ಬರುತ್ತದೆ, ಆದರೆ ಯಾವ ಆಕಾರವೂ ಕಾಣದು. ಕೈಗೆ ಗವಸು, ಅದರ ಮೇಲೆ ಬೆರಳ ತುದಿ ದಾಟುವಷ್ಟು ಉದ್ದದ ರಟ್ಟಿನ ತೋಳು. ತಲೆಯ ಸುತ್ತ ಫೋಮ್ ದಿಂಬು. ಕಿವಿಗೆ ಯಂತ್ರದ ಒಂದೇ ಸಮನೆ ಗುಂಯ್ ಸದ್ದು. ಊಟಕ್ಕೆ, ಶೌಚಕ್ಕೆ ಮಾತ್ರ ಏಳಬಹುದು.

ಹುಡುಗರು ಖುಷಿಯಿಂದಲೇ ಒಪ್ಪಿದರು. ಪರೀಕ್ಷೆಗೆ ಓದಿದ್ದನ್ನು ಮನಸ್ಸಲ್ಲೇ ತಿರುವಿ ಹಾಕೋಣ, ಬರೆಯಬೇಕಾದ ಪ್ರಬಂಧದ ಲೆಕ್ಕಾಚಾರ ಹಾಕೋಣ ಅಂತ ಕೆಲವರು ಯೋಜನೆ ಹಾಕಿಕೊಂಡೇ ಒಳಗೆ ಹೋಗಿದ್ದರು. ಯಾರೂ ಅಡ್ಡಿಪಡಿಸದ ಏಕಾಂತ, ಅದಕ್ಕಿಂತ ಬೇರೇನು ಬೇಕು ಅಲ್ವಾ? ಆದರೆ ಆದದ್ದು ಉಲ್ಟಾ. ಒಂದು ಯೋಚನೆಯನ್ನು ಹಿಡಿದು ಕೊನೆವರೆಗೆ ಒಯ್ಯುವುದೇ ಅವರಿಗೆ ಆಗಲಿಲ್ಲ. ಕೊಟ್ಟ ಸಣ್ಣಪುಟ್ಟ ಬುದ್ಧಿ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಎರಡು-ಮೂರು ದಿನಕ್ಕಿಂತ ಜಾಸ್ತಿ ತಡೆದುಕೊಂಡವರು ಕಡಿಮೆ.

ಜೊತೆಗೆ ಏನೇನೋ ಕಾಣತೊಡಗಿತು. ಮೊದಲು ಚುಕ್ಕಿ, ಗೆರೆ. ಆಮೇಲೆ ಗೋಡೆಗೆ ಅಂಟಿಸುವ ಕಾಗದದ ಮೇಲಿರುವಂಥ ವಿನ್ಯಾಸ. ಆಮೇಲೆ ಇಡೀ ದೃಶ್ಯಗಳು. ಒಬ್ಬನಿಗೆ ಹೆಗಲ ಮೇಲೆ ಚೀಲ ಹೊತ್ತ ಅಳಿಲುಗಳು ಸಾಲಾಗಿ ನಡೆದು ಹೋಗುವುದು ಕಂಡಿತು. ಇನ್ನೊಬ್ಬನಿಗೆ ಬೀದಿಯಲ್ಲಿ ಕನ್ನಡಕಗಳ ಮೆರವಣಿಗೆ. ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಪೆನ್ನಿನ ಕಥೆ. ಪೆನ್ನು ಕಾಣಲಿ ಅಂತ ಒಬ್ಬ ಬೇಕೆಂದೇ ಪ್ರಯತ್ನ ಮಾಡಿದ. ಮೊದಲು ಮಸಿಯ ಕಲೆ ಕಂಡಿತು. ಆಮೇಲೆ ಪೆನ್ಸಿಲ್. ಆಮೇಲೆ ಒಂದು ಹಸಿರು ಕುದುರೆ! ಕೊನೆಗೆ ಪೆನ್ನು. ಮಸಿ, ಪೆನ್ಸಿಲ್, ಪೆನ್ನು ಒಂದೇ ಮನೆಯವು ಅನ್ನೋಣ. ಹಸಿರು ಕುದುರೆ ಎಲ್ಲಿಂದ ಬಂತು? ಚಿತ್ರ ಬರೆಯುವವರು ಕಿವಿ ನೆಟ್ಟಗೆ ಮಾಡುವುದು ಇಲ್ಲೇ.

ಕುದುರೆ ಯಾಕೆ ಬಂತು ಅಂತ ತಿಳಿಯಲು ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಹೋಗಬೇಕು. ಅಲ್ಲಿ ಗುಡ್ಡಗಳ ಸಾಲೊಂದಿದೆ. ದೂರದಿಂದ ನೋಡಿದರೆ ಬುದ್ಧ ಮಲಗಿದ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ. ಒಂದು ಸಲ ಕಂಡಿತೋ, ಆಮೇಲೆ ಅದು ಬರೀ ಗುಡ್ಡವಾಗಿ ಕಾಣುವುದೇ ಇಲ್ಲ. ಅಲ್ಲಿ ಯಾರೂ ಉಳಿ ಹಿಡಿದು ಕೆತ್ತಿಲ್ಲ. ಕೆತ್ತಿದ್ದು ನಮ್ಮ ಮಿದುಳು. ಕಣ್ಣಿನಿಂದ ಬಂದದ್ದನ್ನು ಮಿದುಳು ಬಂದ ಹಾಗೇ ತೆಗೆದುಕೊಳ್ಳುವುದಿಲ್ಲ. "ಇದು ಹೀಗಿರಬೇಕು" ಅಂತ ಮೊದಲೇ ಒಂದು ಊಹೆ ಕಟ್ಟುತ್ತದೆ, ಆಮೇಲೆ ಕಣ್ಣು ತಂದ ಸುದ್ದಿಯ ಜೊತೆ ಅದನ್ನು ತಾಳೆ ನೋಡುತ್ತದೆ. ತಪ್ಪಿದ್ದರೆ ತಿದ್ದಿಕೊಳ್ಳುತ್ತದೆ. ಎಚ್ಚರ ಇರುವಷ್ಟು ಹೊತ್ತೂ ಇದೇ ಕೆಲಸ.

ಈಗ ಕಣ್ಣಿನ ಸುದ್ದಿ ನಿಂತಿತು ಅನ್ನಿ. ಊಹೆ ಕಟ್ಟುವುದು ನಿಲ್ಲುವುದಿಲ್ಲ. ತಿದ್ದುವುದು ಮಾತ್ರ ನಿಲ್ಲುತ್ತದೆ. ನೋಟದ ಕೆಲಸ ಮಾಡುವ ನರಕೋಶಗಳು ಸುದ್ದಿಗಾಗಿ ಕಾದು ಕಾದು ಇನ್ನಷ್ಟು ಸೂಕ್ಷ್ಮವಾಗುತ್ತವೆ. ಆಗ ಒಳಗೇ ಹುಟ್ಟುವ ಸಣ್ಣ ಗದ್ದಲವೂ ಹೊರಗಿನ ಸುದ್ದಿಯಂತೆ ಕೇಳುತ್ತದೆ. ನೋಟದ ಮೊದಲ ಹಂತದ ಕೋಶಗಳು ಗೆರೆ, ಅಂಚು, ಕೋನಗಳನ್ನು ಗುರುತಿಸುವಂಥವು. ಹಾಗಾಗಿ ಮೊದಲು ಬರುವುದು ಚುಕ್ಕಿ, ಗೆರೆ, ಜಾಲರಿ. ಮುಂದಿನ ಹಂತದ ಕೋಶಗಳು ಮುಖ, ಪ್ರಾಣಿ, ಜಾಗ ಗುರುತಿಸುತ್ತವೆ. ಅವು ಶುರು ಹಚ್ಚಿಕೊಂಡಾಗ ಅಳಿಲು, ಕುದುರೆ ಎಲ್ಲ ಬರುತ್ತವೆ. ನೆನಪಿನ ಉಗ್ರಾಣದಿಂದಲೇ ಬರುತ್ತವೆ, ಆದರೆ ಯಾರೂ ವರಸೆಯಾಗಿ ಜೋಡಿಸಿರುವುದಿಲ್ಲ.

ಇದು ಪ್ರಯೋಗಾಲಯದಲ್ಲಿ ಮಾತ್ರ ಆಗುವುದಲ್ಲ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬೋನೆ ಎಂಬ ಪ್ರಕೃತಿ ವಿಜ್ಞಾನಿ 1760ರಲ್ಲೇ ತನ್ನ ಅಜ್ಜನ ಬಗ್ಗೆ ಬರೆದಿದ್ದ. ಕಣ್ಣು ಮಂಜಾಗಿದ್ದ ಆ ಅಜ್ಜನಿಗೆ ಮನುಷ್ಯರು, ಹಕ್ಕಿಗಳು, ಕಟ್ಟಡಗಳು ಕಾಣುತ್ತಿದ್ದವು. ಬುದ್ಧಿ ಮಾತ್ರ ನೆಟ್ಟಗಿತ್ತು. ಈಗ ಈ ಸ್ಥಿತಿಗೆ ಬೋನೆಯ ಹೆಸರೇ ಇದೆ. ನಮ್ಮ ಕಡೆ ಕಣ್ಣಿನ ಪೊರೆ ಬಂದ ಅಜ್ಜಿಯೊಬ್ಬಳು "ಅಂಗಳದಾಗ ಯಾವುದೋ ಕೂಸು ಕುಂತದ ನೋಡ್ರಿ" ಅಂದರೆ ಮನೆಯವರು ಗಾಳಿ ಸೋಕಿದೆ ಅಂತ ಎಲ್ಲೆಲ್ಲೋ ಓಡಾಡುತ್ತಾರೆ. ದಯವಿಟ್ಟು ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ವಿಷಯ ಸ್ವಲ್ಪ ಪಕ್ಕಕ್ಕೆ ಹೋಯಿತು, ಆದರೆ ಇದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಸರಿ, ಚಿತ್ರಗಳು ಕಾಣುವುದು ಬೇರೆ, ಕಲೆ ಹುಟ್ಟುವುದು ಬೇರೆ. ಹೆಬ್ ಅವರ ಹುಡುಗನಿಗೆ ಕುದುರೆ ಕಂಡಿತು ನಿಜ, ಅಷ್ಟಕ್ಕೇ ಅದು ಕಲೆಯಾಗುವುದಿಲ್ಲ. ಅಷ್ಟು ದಿನ, ಅಷ್ಟು ಕಟ್ಟುನಿಟ್ಟಾಗಿ ಇಂದ್ರಿಯಗಳನ್ನು ಮುಚ್ಚಿದರೆ ಜೋಡಿಸುವ ಶಕ್ತಿಯೇ ಕುಗ್ಗುತ್ತದೆ. ಸ್ವಲ್ಪ ಹೊತ್ತು, ಸ್ವಂತ ಇಷ್ಟದಿಂದ ಮುಚ್ಚಿದರೆ ಕಥೆ ಬೇರೆ.

ಯಾರಿಗಾದರೂ ಕಷ್ಟದ ಪ್ರಶ್ನೆ ಕೇಳಿ ನೋಡಿ. ಉತ್ತರ ಹುಡುಕುವಾಗ ನಿಮ್ಮ ಮುಖ ನೋಡುವುದನ್ನು ಬಿಟ್ಟು ಮಾಳಿಗೆ ನೋಡುತ್ತಾರೆ, ಇಲ್ಲವೇ ಕಣ್ಣು ಮುಚ್ಚುತ್ತಾರೆ. ಕಣ್ಣು ಮುಚ್ಚಿದ ಕೂಡಲೇ ಮಿದುಳಿನ ಹಿಂಭಾಗದಲ್ಲಿ ಆಲ್ಫಾ ಎಂಬ ವಿದ್ಯುತ್ ಅಲೆಗಳು ಜೋರಾಗುತ್ತವೆ ಅನ್ನುವುದು 1929ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಪ್ರಕಟಿಸಿದ ಕಾಲದಿಂದ ತಿಳಿದ ವಿಷಯ. 2004ರಲ್ಲಿ ಮಾರ್ಕ್ ಜಂಗ್-ಬೀಮನ್, ಜಾನ್ ಕೂನಿಯೋಸ್ ಮತ್ತು ಜೊತೆಯವರು ಅದಕ್ಕೊಂದು ಹೊಸ ತಿರುವು ಕೊಟ್ಟರು. ಪದಗಳ ಒಗಟುಗಳನ್ನು ಬಿಡಿಸುವವರ ಮಿದುಳನ್ನು ಅಳೆದರು. ಉತ್ತರ "ಥಟ್ಟನೆ" ಹೊಳೆದಾಗ, ಆ ಹೊಳಹಿಗೆ ಸ್ವಲ್ಪ ಮೊದಲು ನೋಟದ ಭಾಗದಲ್ಲಿ ಆಲ್ಫಾ ಜೋರಾಗುತ್ತಿತ್ತು. ಅಂದರೆ ಕಣ್ಣು ತೆರೆದಿದ್ದರೂ ಮಿದುಳು ಒಂದು ಕ್ಷಣ ಹೊರಗಿನ ಬಾಗಿಲನ್ನು ಓರೆ ಮಾಡುತ್ತಿತ್ತು. ಒಳಗಿನ ಮೆಲುದನಿ ಕೇಳಲು ಹೊರಗಿನ ಗದ್ದಲ ತಗ್ಗಿಸುವ ಈ ಕೆಲಸ ಎಲ್ಲರ ಮಿದುಳೂ ಮಾಡುತ್ತದೆ. ಕತ್ತಲೆ ಕೋಣೆ ಅದನ್ನು ಸ್ವಲ್ಪ ಸುಲಭ ಮಾಡುತ್ತದೆ, ಅಷ್ಟೆ.

ಕೆನಡಾದ ಪೀಟರ್ ಸೂಡ್‌ಫೆಲ್ಡ್ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದವರು. ಹೆದರಿಸುವ ಹಳೆ ಹೆಸರನ್ನೇ ಬಿಟ್ಟು, ರೆಸ್ಟ್ (REST, ಹೊರಗಿನ ಪ್ರಚೋದನೆಯನ್ನು ಮಿತಗೊಳಿಸುವ ವಿಧಾನ ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು) ಎಂಬ ಹೊಸ ಹೆಸರು ಚಲಾವಣೆಗೆ ತಂದರು. ಅವರೂ ಓಶಿನ್ ವರ್ತಾನಿಯನ್ ಅವರೂ ಸೇರಿ ಜಾಝ್ ಕಲಿಯುವ ವಿದ್ಯಾರ್ಥಿಗಳನ್ನು ತೇಲುವ ತೊಟ್ಟಿಯಲ್ಲಿ ಮಲಗಿಸಿ, ಆಮೇಲೆ ಅವರ ನುಡಿಸಾಣಿಕೆಯನ್ನು ಅಳೆಸಿದರು. ಸಣ್ಣ ಪ್ರಯೋಗ. ಎದ್ದು ಕಂಡ ಸುಧಾರಣೆ ತಾಂತ್ರಿಕ ಹಿಡಿತದಲ್ಲಿ. ಗಮನಿಸಿ, ಅವರು ಸಂಗೀತ ಬಾರದವರಲ್ಲ, ಆಗಲೇ ಕಲಿಯುತ್ತಿದ್ದವರು.

ಇಲ್ಲಿಗೆ ಬಂದಾಗ ನನಗೆ ಬಿದ್ರಿ ಕೆಲಸ ನೆನಪಾಗುತ್ತದೆ. ಬೀದರಿನ ಕಾರೀಗರರು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಹೂಜಿ, ತಟ್ಟೆ ಎರಕ ಹೊಯ್ಯುತ್ತಾರೆ. ಉಜ್ಜಿ ನುಣುಪು ಮಾಡುತ್ತಾರೆ. ಗೆರೆ ಕಾಣಲಿ ಅಂತ ಮೈಲುತುತ್ತ ಸವರಿ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪು ಮಾಡಿ, ಕೈಯಲ್ಲೇ ಬಳ್ಳಿ, ಹೂವು ಬರೆಯುತ್ತಾರೆ. ಉಳಿಯಿಂದ ಗೆರೆ ಕೊರೆದು, ಆ ಸಂದಿಯಲ್ಲಿ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಮತ್ತೆ ಉಜ್ಜುತ್ತಾರೆ. ಈ ಹಂತದಲ್ಲಿ ಪಾತ್ರೆ ಕೈಗೆ ತೆಗೆದುಕೊಂಡರೆ ನಿರಾಶೆ ಆಗುತ್ತದೆ. ಸತುವೂ ಬಿಳಿ, ಬೆಳ್ಳಿಯೂ ಬಿಳಿ. ಅಷ್ಟು ಕಷ್ಟಪಟ್ಟು ಕೂರಿಸಿದ ಬಳ್ಳಿ ಎಲ್ಲಿದೆ ಅಂತ ಹುಡುಕಬೇಕು. ಕೊನೆಗೆ ಬರುವುದು ಮಣ್ಣು. ಕೋಟೆಯ ಹಳೆಯ ಕಟ್ಟಡಗಳಲ್ಲಿ ಬಿಸಿಲು, ಮಳೆ ತಾಗದ ಜಾಗದ ಮಣ್ಣೇ ಬೇಕು. ಮಣ್ಣು ಸರಿಯಿದೆಯೋ ಇಲ್ಲವೋ ಅಂತ ನಾಲಿಗೆಗೆ ಹಚ್ಚಿ ರುಚಿ ನೋಡುತ್ತಾರೆ! ಆ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಬಳಿದರೆ ಸತುವಿನ ಮೈ ಗಾಢ ಕಪ್ಪಾಗುತ್ತದೆ. ಬೆಳ್ಳಿ ಹಾಗೇ ಉಳಿಯುತ್ತದೆ. ಆಗ ಕಾಣುತ್ತದೆ ಬಳ್ಳಿ.

ಕತ್ತಲೆ ಕಲಾವಿದರಿಗೆ ಮಾಡುವ ಉಪಕಾರವೂ ಇಷ್ಟೇ. ಅದು ಬೆಳ್ಳಿ ಕೊಡುವುದಿಲ್ಲ. ಮೊದಲೇ ಕೂರಿಸಿದ ಬೆಳ್ಳಿ ಇದ್ದರೆ ತೋರಿಸುತ್ತದೆ. ವರ್ಷಗಟ್ಟಲೆ ನೋಡಿದ್ದು, ಕೇಳಿದ್ದು, ಕೈ ಪಳಗಿಸಿದ್ದು ಇಲ್ಲದಿದ್ದರೆ ಕತ್ತಲಲ್ಲಿ ಕಾಣುವುದು ಚುಕ್ಕಿ ಮತ್ತು ಗೆರೆ.

ಇದಕ್ಕೆ ಬಿನೋದ್ ಬಿಹಾರಿ ಮುಖರ್ಜಿ ಅವರಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಶಾಂತಿನಿಕೇತನದ ಈ ಕಲಾವಿದರಿಗೆ ಹುಟ್ಟಿನಿಂದಲೇ ದೃಷ್ಟಿ ದುರ್ಬಲ. ಆದರೂ 1946-47ರಲ್ಲಿ ಅಲ್ಲಿನ ಹಿಂದಿ ಭವನದ ಗೋಡೆಯ ಮೇಲೆ ಮಧ್ಯಯುಗದ ಸಂತರ ಬದುಕನ್ನು ದೊಡ್ಡ ಭಿತ್ತಿಚಿತ್ರವಾಗಿ ಬರೆದರು. 1950ರ ದಶಕದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಫಲಿಸದೆ ಇದ್ದ ದೃಷ್ಟಿಯೂ ಹೋಯಿತು. ಅವರು ನಿಲ್ಲಿಸಲಿಲ್ಲ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರು, ಬೆರಳಲ್ಲೇ ಮೇಣದ ಗೊಂಬೆ ಮಾಡಿದರು, ರೇಖಾಚಿತ್ರ ಬರೆದರು, ಶಾಂತಿನಿಕೇತನದ ಕಲಾಭವನಕ್ಕೆ ಸೆರಾಮಿಕ್ ಹೆಂಚುಗಳ ಭಿತ್ತಿಯನ್ನೂ ರೂಪಿಸಿದರು. ಅವರ ಶಿಷ್ಯರಾಗಿದ್ದ ಸತ್ಯಜಿತ್ ರೇ 1972ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ಕಣ್ಣು ಹೋದದ್ದಕ್ಕೆ ಅವರು ದೊಡ್ಡವರಾಗಲಿಲ್ಲ. ಹೋಗುವ ಮೊದಲೇ ದಶಕಗಟ್ಟಲೆ ಗೆರೆ ಎಳೆದ ಕೈ ಅವರದು. ಕಣ್ಣು ಹೋದ ಮೇಲೆ ಆ ಕೈ ಬೇರೆ ದಾರಿ ಹುಡುಕಿತು.

ಹಾಗೆ ದಾರಿ ಹುಡುಕಲು ಮಿದುಳಿಗೆ ಎಷ್ಟು ದಿನ ಬೇಕು? ತೀರಾ ಕಡಿಮೆ. ಅಮೆರಿಕದ ಆಲ್ವಾರೋ ಪಾಸ್ಕುವಲ್-ಲಿಯೋನ್ ಅವರ ತಂಡ ಕಣ್ಣು ಸರಿಯಿದ್ದವರಿಗೆ ಐದು ದಿನ ಪೂರ್ತಿ ಕಣ್ಣಿಗೆ ಪಟ್ಟಿ ಕಟ್ಟಿ ಬ್ರೈಲ್ ಕಲಿಸಿತು. ಅಷ್ಟರಲ್ಲೇ ಬೆರಳಿಂದ ಮುಟ್ಟಿದಾಗ ಅವರ ಮಿದುಳಿನ ನೋಟದ ಭಾಗ ಕೆಲಸಕ್ಕೆ ಇಳಿಯಿತು. ಪಟ್ಟಿ ಬಿಚ್ಚಿದ ಒಂದು ದಿನದೊಳಗೆ ಮತ್ತೆ ಮೊದಲಿನಂತಾಯಿತು. ಅಷ್ಟು ಬೇಗ ಹೊಸ ನರತಂತು ಬೆಳೆಯಲಾರದು. ಮೊದಲಿಂದ ಇದ್ದು ಸುಮ್ಮನಿದ್ದ ಸಂಪರ್ಕಗಳೇ ಎಚ್ಚರಾದವು ಎಂದು ಆ ತಂಡ ಹೇಳುತ್ತದೆ. ಇಂಥದ್ದೇ ಇನ್ನೊಂದು ಪ್ರಯೋಗದಲ್ಲಿ ಪಟ್ಟಿ ಕಟ್ಟಿಕೊಂಡ 13 ಜನರಲ್ಲಿ 10 ಜನಕ್ಕೆ ಬಣ್ಣ, ಆಕೃತಿ, ದೃಶ್ಯಗಳು ಕಂಡವು.

ನಮ್ಮ ಭಾಗದವರಿಗೆ ಇದನ್ನು ಓದುವಾಗ ಪುಟ್ಟರಾಜ ಗವಾಯಿಗಳು ನೆನಪಾಗದೆ ಇರುವುದಿಲ್ಲ. ಶ್ರಾವಣದಲ್ಲಿ ಕಲಬುರಗಿ, ಯಾದಗಿರಿ ಕಡೆ ಯಾವುದಾದರೂ ಮಠದ ಪುರಾಣಕ್ಕೆ ಹೋಗಿ. ಹಾರ್ಮೋನಿಯಂ ಮುಂದೆ ಕೂತವರೋ ತಬಲಾ ನುಡಿಸುವವರೋ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರಿರುತ್ತಾರೆ. ಆ ಆಶ್ರಮ ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ನಂತರ ನಡೆಸಿದ ಪುಟ್ಟರಾಜರಿಗೂ (1914-2010) ಎಳವೆಯಲ್ಲೇ ಕಣ್ಣು ಹೋಗಿತ್ತು. "ದೇವರು ಕಣ್ಣು ಕಿತ್ತುಕೊಂಡು ಸಂಗೀತ ಕೊಟ್ಟ" ಅಂತ ಜನ ಭಕ್ತಿಯಿಂದ ಹೇಳುತ್ತಾರೆ. ಭಕ್ತಿ ಇರಲಿ. ಆದರೆ ಸಂಗೀತ ಕೊಟ್ಟದ್ದು ಗುರು, ದಿನಗಟ್ಟಲೆ ರಿಯಾಜು ಮತ್ತು ಊಟ ಹಾಕಿ ಕಲಿಸಿದ ಒಂದು ಆಶ್ರಮ. ಇದನ್ನು ಮರೆತು ಕುರುಡುತನವನ್ನೇ ವರ ಎಂದರೆ, ಆಶ್ರಮ ಸಿಗದ ಸಾವಿರಾರು ಅಂಧ ಮಕ್ಕಳ ಲೆಕ್ಕ ಯಾರು ಕೇಳುವುದು?

ಕಿವುಡನಾದ ಸಂಗೀತಕಾರ ಬೇತೋವನ್ ಕಥೆಯೂ ಹಾಗೇ. 1824ರ ಮೇ 7ರಂದು ವಿಯೆನ್ನಾದಲ್ಲಿ ಒಂಬತ್ತನೆಯ ಸಿಂಫನಿ ಮುಗಿದಾಗ ಚಪ್ಪಾಳೆ ಅವನಿಗೆ ಕೇಳಿಸಲಿಲ್ಲ. ಗಾಯಕಿಯೊಬ್ಬಳು ಅವನನ್ನು ಜನರ ಕಡೆ ತಿರುಗಿಸಬೇಕಾಯಿತು. ಕಿವುಡುತನ ಬರುವ ಮೊದಲೇ ಸ್ವರಗಳೆಲ್ಲ ತಲೆಯಲ್ಲಿ ಕೂತಿದ್ದವು.

ಬೇಕೆಂದೇ ನಿಶ್ಶಬ್ದಕ್ಕೆ ಹೋದ ಕಲಾವಿದರೂ ಇದ್ದಾರೆ. ಅಮೆರಿಕದ ಸಂಗೀತಕಾರ ಜಾನ್ ಕೇಜ್ 1950ರ ದಶಕದ ಶುರುವಿನಲ್ಲಿ ಹಾರ್ವರ್ಡ್‌ನ ಪ್ರತಿಧ್ವನಿ ಇಲ್ಲದ ಕೋಣೆಗೆ ಹೋದ. ಮೌನ ಕೇಳೋಣ ಅಂತ ಹೋದವನಿಗೆ ಎರಡು ಸದ್ದು ಕೇಳಿದವು, ಒಂದು ತೀವ್ರ, ಒಂದು ಮಂದ್ರ. ಹೊರಗೆ ಬಂದು ಕೇಳಿದಾಗ ಎಂಜಿನಿಯರ್, ಮೊದಲನೆಯದು ನಿನ್ನ ನರಗಳದ್ದು, ಎರಡನೆಯದು ರಕ್ತ ಹರಿಯುವುದು ಎಂದನಂತೆ. ನರಗಳ ವಿವರಣೆಯನ್ನು ಈಗಿನವರು ಒಪ್ಪುವುದಿಲ್ಲ, ಅದು ಕಿವಿಯೊಳಗಿನ ಮೊರೆತ ಇರಬೇಕು. ಏನೇ ಇರಲಿ, ಪೂರ್ತಿ ಮೌನ ಅನ್ನೋದೇ ಇಲ್ಲ ಅನ್ನುವುದು ಅವನಿಗೆ ಮನದಟ್ಟಾಯಿತು. 1952ರಲ್ಲಿ ವಾದ್ಯಗಾರ ಏನೂ ನುಡಿಸದೆ ಕೂರುವ, ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡಿನ ಕೃತಿಯನ್ನು ಕೊಟ್ಟ. ಜೇಮ್ಸ್ ಟರೆಲ್ ಎಂಬ ಇನ್ನೊಬ್ಬ ಕಲಾವಿದ 1960ರ ದಶಕದ ಕೊನೆಗೆ ವಿಜ್ಞಾನಿಯೊಬ್ಬರ ಜೊತೆ ಇಂಥ ಪ್ರಯೋಗಗಳಲ್ಲಿ ತೊಡಗಿದ. ಅಂಚು, ಮೂಲೆ ಕಾಣದಂತೆ ಬಣ್ಣದ ಬೆಳಕೊಂದನ್ನೇ ತುಂಬಿದ ಕೋಣೆಗಳನ್ನು ಮುಂದೆ ಕಟ್ಟಿದ. ನೋಡುಗರ ಮಿದುಳು ಅಲ್ಲಿ ಏನನ್ನು ಹುಟ್ಟಿಸುತ್ತದೋ ಅದೇ ಕಲಾಕೃತಿ.

ನಮ್ಮಲ್ಲೂ ಗವಿ ಹೊಕ್ಕವರು ಕಡಿಮೆಯಿಲ್ಲ. ಬಸವಕಲ್ಯಾಣದಲ್ಲಿ ಶರಣರ ಹೆಸರಿನ ಗವಿಗಳಿವೆ. ಸೂಫಿಗಳಲ್ಲಿ ನಲವತ್ತು ದಿನ ಒಂಟಿಯಾಗಿ ಕೂರುವ ಚಿಲ್ಲಾ ಇದೆ. ಅವರು ಕೂತದ್ದು ಕ್ರಿಯೇಟಿವ್ ಆಗಲು ಅಲ್ಲ, ಅದನ್ನು ಇದರ ಜೊತೆ ಕಲಸುವುದು ಬೇಡ. ಆದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಲ್ಲಿ ಒಳಗೆ ಹೋಗಲು ಒಂದು ಶಿಸ್ತಿತ್ತು, ಗುರುವಿದ್ದ, ಮಂತ್ರವೋ ಜಪವೋ ಮನಸ್ಸಿಗೆ ಹಿಡಿದುಕೊಳ್ಳಲು ಏನಾದರೂ ಇತ್ತು. ಮೆಕ್‌ಗಿಲ್ ಹುಡುಗರಿಗೆ ಅದೇನೂ ಇರಲಿಲ್ಲ.

ಇಷ್ಟವಿಲ್ಲದವರನ್ನು ಕತ್ತಲಲ್ಲಿ ಕೂರಿಸಿದರೆ ಅದು ಹಿಂಸೆ. ಹೆಬ್ ಪ್ರಯೋಗಕ್ಕೆ ಹಣ ಕೊಟ್ಟದ್ದೇ ಕೆನಡಾದ ರಕ್ಷಣಾ ಸಂಶೋಧನಾ ಮಂಡಳಿ, ಯುದ್ಧಕೈದಿಗಳ ಮನಸ್ಸು ಹೇಗೆ ಮುರಿಯುತ್ತದೆ ಅನ್ನೋ ಚಿಂತೆಯಿಂದ. 1971ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಬಂಧಿತರ ತಲೆಗೆ ಮುಸುಕು ಹಾಕಿ, ಒಂದೇ ಸದ್ದು ಕೇಳಿಸಿ ವಿಚಾರಣೆ ಮಾಡಿದ್ದೂ ದಾಖಲೆಯಲ್ಲಿದೆ.

ಚಿತ್ರಕಲೆ, ಸಂಗೀತ ಕಲಿಯುವವರು ಮಾಡಿ ನೋಡಬೇಕೆಂದರೆ ತೊಟ್ಟಿ ಬೇಕಿಲ್ಲ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಹೇಗೂ ಕಿಟಕಿ ಬಾಗಿಲು ಹಾಕಿಕೊಂಡು ಕೂರುತ್ತೇವೆ. ಒಳಗೆ ಕತ್ತಲೆ, ಕೆಳಗೆ ತಣ್ಣನೆಯ ಶಹಾಬಾದ್ ಕಲ್ಲು, ಬೀದಿಯಲ್ಲಿ ನಾಯಿಯೂ ಬೊಗಳದು. ಮೊದಲು ಒಂದು ಗಂಟೆ ನಿಮ್ಮ ಕೆಲಸ ಮಾಡಿ, ಎಲ್ಲಿ ಸಿಕ್ಕಿಕೊಂಡಿದ್ದೀರೋ ಅಲ್ಲಿ ಬಿಡಿ. ಫೋನು ಬೇರೆ ಕೋಣೆಯಲ್ಲಿರಲಿ. ಸೈಲೆಂಟ್ ಸಾಲದು, ಕೈಗೆ ಸಿಗುವ ಜಾಗದಲ್ಲಿದ್ದರೆ ಮನಸ್ಸು ಅದರ ಕಡೆಗೇ ಇರುತ್ತದೆ. ನಲವತ್ತು ನಿಮಿಷ ಕಣ್ಣು ಮುಚ್ಚಿ ಮಲಗಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಲು ಇಪ್ಪತ್ತು-ಮೂವತ್ತು ನಿಮಿಷ ಬೇಕು, ಹಾಗಾಗಿ ಬೇಗ ಏಳಬೇಡಿ. ನಿದ್ದೆ ಬಂದರೆ ಬರಲಿ, ನಷ್ಟವಿಲ್ಲ. ಎದ್ದ ಕೂಡಲೇ, ಯಾರ ಜೊತೆಗೂ ಮಾತಾಡುವ ಮೊದಲು, ತೋಚಿದ್ದನ್ನು ಗೀಚಿ. ಅದರಲ್ಲಿ ಹೆಚ್ಚಿನದು ಕಸವೇ ಇರುತ್ತದೆ, ಮರುದಿನ ಬೆಳಕಲ್ಲಿ ಕೂತು ಆರಿಸಬೇಕು.

ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಇಲ್ಲದ ದನಿ ಕೇಳಿದ ಅನುಭವ ಇರುವವರು, ಕತ್ತಲೆಗೆ ಎದೆ ಡವಡವ ಎನ್ನುವವರು ಇದನ್ನು ಡಾಕ್ಟರನ್ನು ಕೇಳದೆ ಮಾಡಬಾರದು. ಗಾಳಿಯಾಡದ ಕೋಣೆ, ನೆಲಮಾಳಿಗೆ, ಹಾಳು ಬಾವಿ, ಕೋಟೆಯ ಸುರಂಗ ಯಾರಿಗೂ ಬೇಡ.